ಹೆಗಲ ಮೇಲಿನ ನಾಲ್ಕು ಬೆರಳು

ಸತ್ತವರ ಫೋಟೋದ ಕೆಳಗೆ ಹೆಸರು ಬರೆಯುವ ಕೆಲಸದಲ್ಲೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಕೇಳಿದವರಿಗೆ ಇದು ಅಪಶಕುನ ಅನ್ನಿಸಬಹುದು, ನನಗೆ ಅನ್ನ. ಅಪ್ಪ ಸಿರುಗುಪ್ಪದಲ್ಲಿ ಬೋರ್ಡು ಬರೆಯುತ್ತಿದ್ದ. ಅಕ್ಕಿ ಗಿರಣಿಯ ಗೋಡೆ, ಲಾರಿಯ ಹಿಂಬದಿ, ಕಿರಾಣಿ ಅಂಗಡಿಯ ಹಲಗೆ, ಎಲ್ಲದರ ಮೇಲೂ ಅವನ ಕುಂಚ ಓಡಾಡಿದೆ. ಕನ್ನಡ, ತೆಲುಗು ಎರಡನ್ನೂ ಒಂದೇ ಸಲೀಸಿನಲ್ಲಿ ಬರೆಯುತ್ತಿದ್ದ. ನಾನು ಅದೇ ಕುಂಚ ಹಿಡಿದುಕೊಂಡು ಬಳ್ಳಾರಿಗೆ ಬಂದು, ಸತ್ಯನಾರಾಯಣಪೇಟೆಯಲ್ಲಿ ಮನೆ ಮಾಡಿ, ಹತ್ತಿರದಲ್ಲೇ ಒಂದು ಅಂಗಡಿ ಹಾಕಿದೆ. ಕುಂಚ ಹೋಗಿ ಫ್ಲೆಕ್ಸ್ ಬಂತು. ಫ್ಲೆಕ್ಸಿನ ಜೊತೆಗೇ ಕಂಪ್ಯೂಟರ್ ಬಂತು. ಬಂದದ್ದನ್ನೆಲ್ಲ ಗೊಣಗುತ್ತಲೇ ಕಲಿತೆ. ಫೋಟೋದ ಹಿಂದಿನ ಗೋಡೆ ಅಳಿಸಿ ಮೋಡ ಹಾಕುವುದು, ನರೆತ ಮೀಸೆ ಕಪ್ಪು ಮಾಡುವುದು, ನಾಯಕರ ಹುಟ್ಟುಹಬ್ಬಕ್ಕೆ ಶುಭ ಕೋರುವವರ ಮುಖಗಳನ್ನೆಲ್ಲ ಯಾರೂ ಮುನಿಸಿಕೊಳ್ಳದ ಹಾಗೆ ಒಂದೇ ಬ್ಯಾನರಿನಲ್ಲಿ ಕೂರಿಸುವುದು. ಕೊನೆಯದು ಸಣ್ಣ ವಿದ್ಯೆಯಲ್ಲ, ಮಾಡಿ ನೋಡಿದವರಿಗೇ ಗೊತ್ತು.

ಅಪ್ಪ ಒಂದು ಕಟ್ಟುಪಾಡು ಹಾಕಿಕೊಟ್ಟಿದ್ದ. ಶ್ರದ್ಧಾಂಜಲಿ ಬರೆಸಲು ಯಾರೇ ಬರಲಿ, “ಮುಟ್ಟಿ ಬಂದೀರೇನ್ರಿ?” ಅಂತ ಕೇಳಬೇಕು. ಹೋದವರ ಕೈಯನ್ನೋ ಕಾಲನ್ನೋ ಸ್ವತಃ ಮುಟ್ಟಿ ಬಂದವರು ಹೇಳಿದರೆ ಮಾತ್ರ ಬರೆಯಬೇಕು. ಅವರು ಹೇಳಿದರು, ಇವರು ಹೇಳಿದರು ಅನ್ನುವುದು ನಡೆಯುವುದಿಲ್ಲ. ಕಂಪ್ಯೂಟರ್ ಬಂದ ಮೇಲೂ ನಾನು ಇದನ್ನು ಬಿಡಲಿಲ್ಲ. ಎಷ್ಟೋ ಜನ ಬೈದು ಬೇರೆ ಅಂಗಡಿಗೆ ಹೋಗಿದ್ದಾರೆ. ಹಾಗೆ ಬೈದು ಹೋದವನೊಬ್ಬ ಮರುದಿನ ಬಂದು, “ಮುದುಕ ಎದ್ದು ಗಂಜಿ ಕುಡದಾನ್ರಿ” ಅಂತ ತಲೆ ಕೆರೆದುಕೊಂಡು ನಿಂತದ್ದೂ ಉಂಟು. ಅವತ್ತು ಇಬ್ಬರೂ ಚಹಾ ಕುಡಿದು ನಕ್ಕಿದ್ದೆವು.

ಈಗ ಹಾಗೆ ಕೇಳುವವರಿಲ್ಲ. ಎಲ್ಲರ ಫೋನಿನಲ್ಲೂ ಪೋಸ್ಟರ್ ಮಾಡುವ ಆ್ಯಪ್ ಇದೆ. ಯುಗಾದಿ, ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ ಎಲ್ಲವೂ ಅದರೊಳಗೆ ಸಾಲಾಗಿ ಕೂತಿವೆ. ಫೋಟೋ ಕೊಟ್ಟರೆ ಹಿಂದಿನದನ್ನೆಲ್ಲ ಅದೇ ಕತ್ತರಿಸಿ ಬಿಸಾಡುತ್ತದೆ, ಹೆಸರು ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ. ನಾನು ಅರ್ಧ ದಿನ ಕೂತು ಮಾಡುತ್ತಿದ್ದದ್ದು ಚಹಾ ಆರುವುದರೊಳಗೆ ಮುಗಿಯುತ್ತದೆ. ಅಂಗಡಿಗೆ ಗಿರಾಕಿ ಕಡಿಮೆಯಾದರು. ಅದಕ್ಕೆ ನಾನು ಅಳುವುದಿಲ್ಲ. ಅಪ್ಪನ ಕುಂಚವನ್ನು ಮೂಲೆಗೆ ಹಾಕಿದವನು ನಾನೇ, ನನ್ನನ್ನು ಇನ್ನೊಂದು ಮೂಲೆಗೆ ಹಾಕಿದರೆ ಯಾರನ್ನು ದೂರಲಿ? ನನ್ನ ಸಂಕಟ ಬೇರೆ. ಅದು ಅವ್ವ ಹೋದ ದಿನದ್ದು.

ನನಗೆ ಒಬ್ಬಳೇ ಅಕ್ಕ. ಸಿರಿಗೇರಿಗೆ ಕೊಟ್ಟಿದ್ದಾರೆ. ಭಾವ ತೀರಿಕೊಂಡು ವರ್ಷಗಳಾದವು. ಅಕ್ಕ ಅಲ್ಲೇ ಮೈದುನನ ಸಂಸಾರದ ಜೊತೆ ಇದ್ದಾಳೆ. ಸಾಲಿಯ ಮುಖ ನೋಡಿದವಳಲ್ಲ, ಓದು ಬರಹ ಬಾರದು. ಕೈಯಲ್ಲಿ ಗುಂಡಿ ಒತ್ತುವ ಸಣ್ಣ ಫೋನು. ಅವ್ವನಿಗೂ ಅವಳಿಗೂ ಇದ್ದ ನಂಟು ನೋಡಿ ನಾನು ಹೊಟ್ಟೆಕಿಚ್ಚು ಪಟ್ಟಿದ್ದೇನೆ. ಎಲ್ಲ ಫೋಟೋಗಳಲ್ಲೂ ಅವ್ವನ ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟಿರುತ್ತಾಳೆ. ಸಣ್ಣವಳಿದ್ದಾಗ ಸ್ಟುಡಿಯೋದವನು ಹಾಗೆ ನಿಲ್ಲಿಸಿ ತೆಗೆದಿದ್ದನಂತೆ. ಅವತ್ತಿನಿಂದ ಕ್ಯಾಮೆರಾ ಕಂಡರೆ ಸಾಕು, ಅವಳ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ದೂರ ಇರುವವರಿಗೆ ಸಾವಿನ ಸುದ್ದಿಯನ್ನು ನೇರ ಹೇಳುವುದಿಲ್ಲ. ದಾರಿಯಲ್ಲಿ ಎದೆಯೊಡೆದುಕೊಂಡರೆ ಹಿಡಿಯುವವರು ಯಾರು? ಅದಕ್ಕೇ ಮೈಗೆ ಆರಾಮಿಲ್ಲ, ನೋಡಬೇಕಂತೆ, ಬಾ ಅನ್ನುತ್ತಾರೆ. ಮನೆಯ ಬಾಗಿಲಿಗೆ ಬಂದ ಮೇಲೆ ಅಲ್ಲಿ ಕೂತವರೇ ಎದ್ದು ಅಪ್ಪಿಕೊಳ್ಳುತ್ತಾರೆ. ಅಪ್ಪ ಸಿರುಗುಪ್ಪದಲ್ಲಿ ಹೋದಾಗ ಅಕ್ಕ ಹೊಸದಾಗಿ ಸಿರಿಗೇರಿಗೆ ಹೋಗಿದ್ದಳು. ಕರೆತರಲು ಅಪ್ಪನ ಗೆಳೆಯನೊಬ್ಬ ಹೋದ. “ನಿಮ್ಮಪ್ಪಗ ಸಣ್ಣಂಗ ಜ್ವರ ಬಂದಾವವ್ವ, ನಿನ್ನ ನೋಡಬೇಕಂತಾನ” ಅಂದ. ಅಕ್ಕ ನೀರು ಕೊಟ್ಟಳು, ಅವನು ಮುಟ್ಟಲಿಲ್ಲ. ಸಾವಿನ ಸುದ್ದಿ ತಂದವರು ಆ ಮನೆಯ ನೀರು ಕುಡಿಯುವುದಿಲ್ಲ. ಅಕ್ಕನಿಗೆ ಅಲ್ಲೇ ತಿಳಿಯಿತು. ತಿಳಿದರೂ ತಿಳಿಯದವಳ ಹಾಗೆ ಸೀರೆ ಬದಲಿಸಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವನು ಭತ್ತ, ಎಮ್ಮೆ, ಕಾಲುವೆ ನೀರು ಅಂತ ಮಾತಾಡುತ್ತಿದ್ದನಂತೆ, ಇವಳು ಹೂಂ ಹೂಂ ಅನ್ನುತ್ತಿದ್ದಳಂತೆ. “ಪಾಪ, ನನ್ನ ಸಲುವಾಗಿ ಎಷ್ಟು ಕಷ್ಟ ಬಿದ್ದ. ನಾ ಅತ್ತಿದ್ರ ಆತನ ಮನಸು ಮುರೀತಿತ್ತು” ಅಂತ ಈಗಲೂ ಹೇಳುತ್ತಾಳೆ. ಆ ಸುಳ್ಳನ್ನು ಅವಳು ಒಂದು ಉಪಕಾರದಂತೆ ನೆನೆಯುತ್ತಾಳೆ.

ಅವ್ವ ನನ್ನ ಹತ್ತಿರ ಬಳ್ಳಾರಿಯಲ್ಲಿದ್ದಳು. ಒಂದು ವಾರ ಕೆಮ್ಮಿದಳು. ಕಷಾಯ ಸಾಕು, ದವಾಖಾನೆ ಬೇಡ ಅಂತ ಹಟ ಹಿಡಿದಳು. ಒಂದು ದಿನ ಬೆಳಿಗ್ಗೆ ಉಸಿರೇ ಸಾಲದಾದಾಗ ನಾನೂ ನನ್ನ ಹೆಂಡತಿಯೂ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ಡಾಕ್ಟರು ಐಸಿಯುಗೆ ಹಾಕಿದರು. ಎರಡೂ ಕಡೆ ನ್ಯುಮೋನಿಯಾ, ವಯಸ್ಸಾಗಿದೆ, ಬರಬೇಕಾದವರಿದ್ದರೆ ಬೇಗ ಕರೆಸಿ ಅಂದರು. ಒಳಗೆ ಹೋಗುವ ಮುಂಚೆ ಅವ್ವ ಕೇಳಿದ್ದು ಒಂದೇ ಮಾತು.

“ಅಕ್ಕನ್ನ ಕರಸು. ನೋಡಬೇಕು.”

ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅವಳ ಮೈದುನನಿಗೆ ಮಾಡಿದೆ. ಊರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವವನು, ಒಳ್ಳೆಯ ಮನುಷ್ಯ. ಕಷ್ಟಕ್ಕೆ ಮೊದಲು ಓಡಿ ಬರುವವನು ಅವನೇ. ಊರಿನವರ ಹುಟ್ಟುಹಬ್ಬ, ಮಕ್ಕಳ ಪಾಸಾದ ಸುದ್ದಿ, ಎಲ್ಲದಕ್ಕೂ ತನ್ನ ಫೋನಿನಲ್ಲೇ ಪೋಸ್ಟರ್ ಮಾಡಿ ಹಾಕುತ್ತಾನೆ. ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತೀರಿ ಬೀಗರೇ ಅಂತ ನಾನು ಎಷ್ಟೋ ಸಲ ಅವನನ್ನು ಕಾಡಿಸಿದ್ದೇನೆ.

“ಬೀಗರ, ಅವ್ವಗ ಆರಾಮಿಲ್ರಿ. ದವಾಖಾನ್ಯಾಗ ಹಾಕೀವಿ. ಅಕ್ಕನ್ನ ಲಗೂನ ಕರಕೊಂಡು ಬರ್ರಿ” ಅಂದೆ. ಅಷ್ಟು ಹೇಳುವುದರೊಳಗೆ ನನ್ನ ದನಿ ಒಡೆಯಿತು.

ಅವನು ಯಾವ ಆಸ್ಪತ್ರೆ, ಏನಾಗಿದೆ, ಡಾಕ್ಟರು ಏನಂದರು, ಒಂದನ್ನೂ ಕೇಳಲಿಲ್ಲ. “ಆತ್ರಿ ಬೀಗರ. ನೀವು ಧೈರ್ಯ ತಗೋರಿ. ಇಲ್ಲಿದ್ದೆಲ್ಲ ನಾ ನೋಡ್ಕೋತೀನಿ” ಅಂದ. ಆ ಮೆತ್ತಗಿನ ದನಿಗೆ ನಾನು ಎಚ್ಚರವಾಗಬೇಕಿತ್ತು. ನಾನು ಹೇಳಿದ ಮಾತು ಸಾವಿನ ದಿನ ಎಲ್ಲರೂ ಹೇಳುವ ಮಾತೇ ಆಗಿತ್ತು. ಆದರೆ ನಿಜವಾಗಿ ಆರಾಮಿಲ್ಲದವರ ಬಗ್ಗೆ ಮತ್ತೆ ಹೇಗೆ ಹೇಳಬೇಕು? ನನಗೆ ಇವತ್ತಿಗೂ ತಿಳಿದಿಲ್ಲ.

ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದಾಗ ಫೋನು ಸದ್ದು ಮಾಡಿತು. ಯಾರೋ ದೂರದ ಸಂಬಂಧಿ ಒಂದು ಪೋಸ್ಟರ್ ಕಳಿಸಿದ್ದ. ತೆರೆದೆ. ಬಿಳಿ ಮಲ್ಲಿಗೆಯ ಚೌಕಟ್ಟು, ಎರಡು ಬದಿಗೆ ಉರಿಯುವ ದೀಪ, ನಡುವೆ ನನ್ನ ಅವ್ವ ನಗುತ್ತಿದ್ದಳು. ಇಂದು ಮುಂಜಾನೆ ಲಿಂಗೈಕ್ಯರಾದರೆಂದು ತಿಳಿಸಲು ವಿಷಾದಿಸುತ್ತೇವೆ ಎಂದು ಬರೆದಿತ್ತು. ಅಕ್ಷರ ತಪ್ಪಿಲ್ಲ, ಅಂಚು ಸೊಟ್ಟಗಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಅಕ್ಕನ ಮೈದುನನ ಹೆಸರಿತ್ತು.

ಕಸುಬಿನ ಕಣ್ಣು ಎಂಥ ನಾಚಿಕೆಗೆಟ್ಟದ್ದು ನೋಡಿ. ಅರ್ಥ ತಲೆಗಿಳಿಯುವ ಮೊದಲು ನನ್ನ ಕಣ್ಣು ಹೋದದ್ದು ಅವ್ವನ ಎಡ ಹೆಗಲಿಗೆ. ಅಕ್ಕನ ಮಗಳ ಮದುವೆಯಲ್ಲಿ ತೆಗೆದ ಫೋಟೋ ಅದು. ಅಕ್ಕ ಹಿಂದೆ ನಿಂತಿದ್ದಳು. ಆ್ಯಪ್ ಅವಳನ್ನು ಪೂರ್ತಿ ಕತ್ತರಿಸಿ ತೆಗೆದಿತ್ತು. ಹೆಗಲ ಮೇಲಿನ ನಾಲ್ಕು ಬೆರಳುಗಳನ್ನು ಮಾತ್ರ ಸೀರೆಯ ಭಾಗವೆಂದುಕೊಂಡು ಬಿಟ್ಟಿತ್ತು. ಯಾರದೋ ಬೆರಳು ಹಿಂದಿನ ಕತ್ತಲಿಂದ ಬಂದು ಅವ್ವನನ್ನು ಹಿಡಿದುಕೊಂಡಿದ್ದವು. ನಾನಾಗಿದ್ದರೆ ಅದನ್ನು ಅಳಿಸದೆ ಬಿಡುತ್ತಿರಲಿಲ್ಲ ಅಂದುಕೊಂಡೆ. ಆಮೇಲೆ ಗಾಜಿನ ಬಾಗಿಲಿನಾಚೆ ನೋಡಿದೆ. ಅವ್ವನ ಎದೆ ಏರುತ್ತಿತ್ತು, ಇಳಿಯುತ್ತಿತ್ತು.

ಅಲ್ಲಿಂದ ನನ್ನ ಫೋನಿಗೆ ಬಿಡುವಿಲ್ಲ. ಕೈಮುಗಿದ ಚಿತ್ರಗಳು ಸಾಲುಗಟ್ಟಿ ಬಂದವು. ಭಜನೆಯವರು ಫೋನ್ ಮಾಡಿ ಎಷ್ಟು ಹೊತ್ತಿಗೆ ಬರಬೇಕೆಂದು ಕೇಳಿದರು. ನಮ್ಮ ಓಣಿಯವರು ಮನೆ ಮುಂದೆ ಕುರ್ಚಿ ಹಾಕಿದ್ದಾರಂತೆ. ಬದುಕಿರುವ ತಾಯಿಯನ್ನು ಬದುಕಿದ್ದಾಳೆ ಎಂದು ಒಬ್ಬೊಬ್ಬರಿಗೂ ಹೇಳಿ ನಂಬಿಸಬೇಕಾಯಿತು. ಹೆಚ್ಚಿನವರು ನಂಬಲಿಲ್ಲ. ಫೋನಿನಲ್ಲಿ ಬಂದಿದೆಯಲ್ಲ ಅಂದರು. ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಬಹಳ ಹೊತ್ತಿನ ಮೇಲೆ ಅಕ್ಕನ ಮೈದುನ ಫೋನಿಗೆ ಸಿಕ್ಕ.

“ಬೀಗರ, ಅದನ್ನ ಮೊದಲು ತೆಗೀರಿ. ಅವ್ವ ಅದಾಳ್ರಿ. ಉಸರಾಡಾಕತ್ತಾಳ” ಅಂದೆ.

“ತಿಳೀತ್ರಿ ಬೀಗರ” ಅಂದ ಅವನು, ದನಿ ಇಳಿಸಿ. “ಅತ್ತಿಗೆಮ್ಮಾರು ಬಾಜೂಕ ಅದಾರ. ಫೋನ್ ಕೊಡ್ತೀನಿ, ನೀವು ಹಂಗ ಹೇಳ್ರಿ.”

ನಾನು ಅಕ್ಕನ ಸಲುವಾಗಿ ನಾಟಕ ಮಾಡುತ್ತಿದ್ದೇನೆ ಅಂತ ಅವನು ತಿಳಿದಿದ್ದ. ಫೋನು ಅಕ್ಕನ ಕೈಗೆ ಹೋಯಿತು. ಹಿಂದೆ ಹೆಂಗಸರು ಅಳುತ್ತಿದ್ದರು.

“ಅಕ್ಕಾ, ಕೇಳಿಲ್ಲಿ. ಅವ್ವ ಅದಾಳ. ಯಾರನ್ನೂ ಕಾಯಬ್ಯಾಡ. ಸಿಕ್ಕ ಬಸ್ ಹತ್ತಿ ಬಾ.”

“ಹೂಂ ತಮ್ಮಾ, ಅದಾಳ” ಅಂದಳು ಅಕ್ಕ. “ನೀ ಏನರ ತಿಂದೇನು?”

“ದೇವರಾಣಿ ಅಕ್ಕಾ, ಖರೇನ ಅದಾಳ.”

“ದೇವರಾಣಿ ಯಾಕ ಮಾಡ್ತೀಪಾ? ನನಗ ತಿಳೀತು. ನೀ ಅಳಬ್ಯಾಡ, ನಾ ಬರ್ತೀನಿ.”

ಅವಳು ನನ್ನನ್ನು ಸಮಾಧಾನ ಮಾಡುತ್ತಿದ್ದಳು. ನಾನು ಹೆಚ್ಚು ಕೂಗಿದಷ್ಟೂ ಅವಳ ನಂಬಿಕೆ ಗಟ್ಟಿಯಾಗುತ್ತಿತ್ತು. ಅವಳಿಗೆ ಓದಲು ಬಾರದು, ಆದರೆ ಅಕ್ಕಪಕ್ಕದವರ ಫೋನಿನಲ್ಲಿ ಮಲ್ಲಿಗೆ ಚೌಕಟ್ಟಿನೊಳಗೆ ಎರಡು ದೀಪಗಳ ನಡುವೆ ತಾಯಿಯ ಮುಖ ಕಂಡರೆ ಅರ್ಥವಾಗಲು ಓದು ಬೇಕಿಲ್ಲ. ಎಷ್ಟೋ ವರ್ಷ ಇಂಥವೇ ಚೌಕಟ್ಟು ಮಾಡಿ ಜನರಿಗೆ ಇದನ್ನು ಕಲಿಸಿದವರಲ್ಲಿ ನಾನೂ ಒಬ್ಬ.

ಒಳಗೆ ಫೋನು ಒಯ್ಯುವ ಹಾಗಿರಲಿಲ್ಲ. ನನ್ನ ಹೆಂಡತಿ ನರ್ಸಮ್ಮನ ಕೈ ಹಿಡಿದು ಬೇಡಿಕೊಂಡಳು. ಆಕೆ ಯಾರಿಗೂ ಕಾಣದಂತೆ ಒಂದೇ ಒಂದು ಫೋಟೋ ತೆಗೆದುಕೊಟ್ಟಳು. ಅದನ್ನು ಕಳಿಸಿದೆ. ಬಾಯಿಗೆ ಮಾಸ್ಕು, ಕೈಗೆ ನಳಿಗೆ, ಕಣ್ಣು ಮುಚ್ಚಿತ್ತು. ಬದುಕಿರುವವರ ಫೋಟೋಗೂ ಸತ್ತವರ ಫೋಟೋಗೂ ವ್ಯತ್ಯಾಸ ಇಷ್ಟು ಕಡಿಮೆ ಅಂತ ನನಗೆ ಅಷ್ಟು ವರ್ಷ ಹೊಳೆದಿರಲಿಲ್ಲ. ಉತ್ತರವಾಗಿ ಬಂದದ್ದು ಮತ್ತೆ ಕೈಮುಗಿದ ಚಿತ್ರ.

ಆಮೇಲೆ ಗೊತ್ತಾಯಿತು, ಅವರು ಟೆಂಪೋ ಮಾಡಿಕೊಂಡು ಕುರುಗೋಡಿಗೆ ಹೊರಳಿದ್ದರು. ಕುರುಗೋಡು ಅವ್ವನ ತವರು. ಹೆಣ್ಣುಮಗಳು ಹೋದಾಗ ತವರಿನವರು ಸೀರೆ ತಂದು ಹೊದಿಸಬೇಕು, ಅವರನ್ನು ಬಿಟ್ಟು ಬರುವ ಹಾಗಿಲ್ಲ. ತವರಿನವರು ಬಟ್ಟೆ ಅಂಗಡಿಗೆ ಹೋಗಿ ಸೀರೆ ತರಬೇಕು, ಹೂವಿನವರ ಹತ್ತಿರ ಹಾರ ಕಟ್ಟಿಸಬೇಕು, ಹೊಲಕ್ಕೆ ಹೋದವರು ಬರಬೇಕು. ಸತ್ತವರಿಗೆ ಅವಸರವಿಲ್ಲ. ಅಕ್ಕ ಎಲ್ಲವನ್ನೂ ಪದ್ಧತಿಯಂತೆ, ಒಂದು ಕೊರತೆಯೂ ಬಾರದ ಹಾಗೆ, ಪ್ರೀತಿಯಿಂದ ಮಾಡಿಸುತ್ತಿದ್ದಳು. ಇಲ್ಲಿ ಅವ್ವ ಬಾಗಿಲ ಕಡೆಗೆ ಮುಖ ಮಾಡಿ ಮಲಗಿದ್ದಳು.

ಮಧ್ಯಾಹ್ನ ನನ್ನನ್ನು ಒಳಗೆ ಬಿಟ್ಟರು. ಅವ್ವ ಕಣ್ಣು ತೆರೆದಿದ್ದಳು. ಮಾಸ್ಕನ್ನು ತಾನೇ ಸರಿಸಿ, “ಬಂದ್ಲೇನು?” ಅಂದಳು.

“ದಾರ್ಯಾಗ ಅದಾಳವ್ವ. ಇನ್ನೇನು ಬಂದ್ಲು.”

“ಬಿಸಲಾಗ ಬರಾಕತ್ತಾಳ” ಅಂದಳು. ಉಸಿರು ಕೂಡಿಸಿಕೊಂಡು, “ಬಂದ ಕೂಡ್ಲೇ ಮೊದಲು ನೀರು ಕೊಡು” ಅಂದಳು.

ಅದೇ ಕೊನೆಯ ಮಾತು. ನರ್ಸಮ್ಮ ಮಾಸ್ಕು ಸರಿಮಾಡಿದಳು. ಬಿಸಿಲು ಇಳಿಯುವ ಮುಂಚೆ ಅವ್ವ ಹೋದಳು. ನಾನು ಒಂದು ಕೈ ಹಿಡಿದಿದ್ದೆ, ನನ್ನ ಹೆಂಡತಿ ಇನ್ನೊಂದು. ನಾವಿಬ್ಬರೂ ಸಾಲಲಿಲ್ಲ. ಅವ್ವ ಕಾಯುತ್ತಿದ್ದದ್ದು ನಮ್ಮನ್ನಲ್ಲ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಅವ್ವನನ್ನು ಆಸ್ಪತ್ರೆಯ ಹೊರಗಿನ ಕೋಣೆಗೆ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೆ, ನಮ್ಮ ಓಣಿಯವರನ್ನು ಕೇಳಿಕೊಂಡು ಟೆಂಪೋ ಅಲ್ಲಿಗೇ ಬಂತು. ಹೆಂಗಸರು ದನಿ ತೆಗೆದು ಅಳುತ್ತ ಇಳಿದರು. ಅಕ್ಕನ ಕಂಕುಳಲ್ಲಿ ಹಸಿರು ಸೀರೆ, ಹಿಂದೆ ಮೈದುನನ ಕೈಯಲ್ಲಿ ಹಾರ. ನಾನು ನೀರಿನ ಬಾಟಲಿ ಹಿಡಿದು ಎದುರಿಗೆ ಹೋದೆ.

“ಮೊದಲು ನೀರು ಕುಡಿ ಅಕ್ಕಾ.”

ಅವಳು ನನ್ನನ್ನೇ ನೋಡಿದಳು. “ಇಂಥಾ ಹೊತ್ತಿನ್ಯಾಗ ನೀರು ಯಾರು ಕುಡೀತಾರಪಾ?”

“ಕುಡಿ. ಬಿಸಲಾಗ ಬಂದೀದಿ.”

ನನ್ನ ಮುಖದಲ್ಲಿ ಏನು ಕಂಡಿತೋ, ಎರಡು ಗುಟುಕು ಕುಡಿದಳು. ಆಮೇಲೆ ಒಳಗೆ ಹೋಗಿ ಅವ್ವನ ಮೇಲೆ ಬಿದ್ದಳು. ಕೆನ್ನೆ, ಕೈ, ಕಾಲು ಎಲ್ಲ ಸವರಿದಳು. ಸವರುತ್ತ ಸವರುತ್ತ ಅವಳ ಕೈ ನಿಂತಿತು.

“ತಮ್ಮಾ, ಇನ್ನೂ ಬೆಚ್ಚಗದಾಳಲ್ಲೋ.”

ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಹೆಂಡತಿ ತಲೆ ತಗ್ಗಿಸಿದಳು. ಬಾಗಿಲಲ್ಲಿ ಹಾರ ಹಿಡಿದು ನಿಂತಿದ್ದ ಮೈದುನನ ಮುಖ ಬಿಳುಚಿಕೊಂಡಿತು. ಬೆಳಿಗ್ಗೆಯಿಂದ ಎಲ್ಲರಿಗೂ ಕೂಗಿ ಕೂಗಿ ಹೇಳಿದ ನಿಜ ಈಗ ನನ್ನ ಬಾಯಲ್ಲಿತ್ತು. ಈಗ ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಮಧ್ಯಾಹ್ನದ ತನಕ ಇದ್ದಳು ಅಕ್ಕಾ, ನೀನು ಸೀರೆ ಆರಿಸುವಾಗ ಇದ್ದಳು, ಬಂದಳೇನು ಅಂತ ಕೇಳಿದಳು. ಇದನ್ನು ಕೇಳಿ ಅಕ್ಕ ಹೇಗೆ ಬದುಕುತ್ತಾಳೆ?

“ದವಾಖಾನಿಯವ್ರು ದಪ್ಪನ್ನ ರಗ್ಗು ಹೊದಿಸಿದ್ರಕ್ಕ” ಅಂದೆ. “ಅದಕ್ಕ ಹಂಗದಾಳ.”

“ಮುಂಜಾನಿನ ಹೋದ್ಲೇನು?”

“ಹೂಂ. ಮುಂಜಾನಿನ.”

“ನನ್ನ ಕೇಳಿದ್ಲೇನು?”

“ಇಲ್ಲಕ್ಕ. ನಿದ್ದಿಗಣ್ಣಾಗ ಹೋದ್ಲು. ಏನೂ ತ್ರಾಸ ಆಗಲಿಲ್ಲ.”

ಅಕ್ಕ ನನ್ನ ತಲೆಯ ಮೇಲೆ ಕೈಯಿಟ್ಟಳು. “ಅದಾಳ ಅದಾಳ ಅಂತ ಎಷ್ಟು ಸಲ ಹೇಳ್ದೆಪಾ. ಪಾಪ, ನನ್ನ ಸಲುವಾಗಿ ಎಷ್ಟು ಕಷ್ಟ ಬಿದ್ದಿ” ಅಂದಳು. ಅಪ್ಪನ ಗೆಳೆಯನ ಬಗ್ಗೆ ಹೇಳುವ ಅದೇ ಮಾತು.

ಅವಳು ನಂಬಿದಳೋ, ನಂಬಿದ ಹಾಗೆ ಮಾಡಿದಳೋ, ಇವತ್ತಿಗೂ ನನಗೆ ತಿಳಿಯದು. ಅಪ್ಪ ಹೋದ ದಿನ ಬಸ್ಸಿನಲ್ಲಿ ಎಮ್ಮೆಯ ಮಾತಿಗೆ ಹೂಂ ಹೂಂ ಅಂದವಳು ಅವಳೇ ಅಲ್ಲವೇ? ಕೇಳುವ ಧೈರ್ಯ ನನಗಿಲ್ಲ. ಮೈದುನ ಒಂದು ಸಲ ಅಂಗಡಿಗೆ ಬಂದು ನನ್ನೆದುರು ಕೂತು ಅತ್ತ. “ನಾ ಚಲೋದಾಗ್ಲಿ ಅಂತ ಮಾಡಿದ್ನಿರಿ ಬೀಗರ” ಅಂದ. ಅವನನ್ನು ಬೈಯಲು ಅಷ್ಟು ದಿನ ಮಾತು ಕೂಡಿಟ್ಟಿದ್ದೆ. ಚಹಾ ತರಿಸಿದೆ. ಆ್ಯಪನ್ನು ಬೈಯೋಣವೆಂದರೆ ಅದಕ್ಕೆ ಮುಖವಿಲ್ಲ. ಅದು ಕೇಳಿದ್ದಕ್ಕೆ ಕೇಳಿದ್ದನ್ನು ಮಾಡಿಕೊಟ್ಟಿತು. ಮುಟ್ಟಿ ಬಂದಿರೇನು ಅಂತ ಕೇಳಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಇದನ್ನೆಲ್ಲ ಅಕ್ಕ ಓದುವುದಿಲ್ಲ ಎಂಬ ಭರವಸೆಯಿಂದ ಬರೆಯುತ್ತಿದ್ದೇನೆ. ಈಗಿನ ಫೋನುಗಳು ಬರೆದದ್ದನ್ನು ತಾವೇ ಓದಿ ಹೇಳುತ್ತವಂತೆ. ಅದೊಂದು ಭಯ ಇದ್ದೇ ಇದೆ.

ಗೋಡೆಗೆ ಹಾಕಲು ಅವ್ವನ ಫೋಟೋ ಬೇಕಾಯಿತು. ಅವ್ವ ಚೆನ್ನಾಗಿ ನಕ್ಕ ಫೋಟೋ ಪೋಸ್ಟರಿನಲ್ಲಿದ್ದ ಅದೊಂದೇ, ನನ್ನ ಹತ್ತಿರ ಇದ್ದದ್ದು ಆ ಪೋಸ್ಟರ್ ಮಾತ್ರ. ಅಂಗಡಿಯಲ್ಲಿ ಕೂತು ಕಂಪ್ಯೂಟರಿನಲ್ಲಿ ತೆರೆದೆ. ಮಲ್ಲಿಗೆ ತೆಗೆದೆ, ದೀಪ ತೆಗೆದೆ, ಮುಂಜಾನೆ ಎಂಬ ಅಕ್ಷರ ತೆಗೆದೆ. ಹೆಗಲ ಮೇಲಿನ ಬೆರಳು ಉಳಿದವು. ಅಳಿಸುವುದು ಈಗ ಬಹಳ ಸುಲಭ, ಒಮ್ಮೆ ಮೇಲೆ ಗೆರೆ ಎಳೆದರೆ ಸಾಕು, ಯಂತ್ರವೇ ಸೀರೆಯ ಬಣ್ಣ ತುಂಬುತ್ತದೆ. ಅಳಿಸಲಿಲ್ಲ. ಹಾಗೇ ಪ್ರಿಂಟು ತೆಗೆದು ಕಟ್ಟು ಹಾಕಿಸಿದೆ.

ಅಕ್ಕ ಮುಂದಿನ ಸಲ ಬಂದಾಗ ಫೋಟೋದ ಮುಂದೆ ನಿಂತಳು. ವಿಭೂತಿ ಹಚ್ಚಿ, ಹೂವು ಏರಿಸಿ, ಕಣ್ಣು ಕಿರಿದು ಮಾಡಿ ನೋಡಿದಳು.

“ಹೆಗಲ ಮ್ಯಾಲ ಇದು ಯಾರ ಕೈಯಿ ತಮ್ಮಾ?”

“ನಿಂದ ಅಕ್ಕಾ. ಮದುವ್ಯಾಗಿಂದು. ತೆಗೀಲೇನು?”

ಅವಳು ಸೆರಗಿನಿಂದ ಗಾಜು ಒರೆಸಿದಳು, ಮೊದಲು ಅವ್ವನ ಮುಖದ ಮೇಲೆ, ಆಮೇಲೆ ಆ ಬೆರಳುಗಳ ಮೇಲೆ.

“ಬ್ಯಾಡ, ಇರ್ಲಿ” ಅಂದಳು. “ಕಡೀಕ ನಾ ಹತ್ರಾನ ಇದ್ದಂಗ ಕಾಣ್ತೈತಿ.”

ನಾನು ಹೂಂ ಅಂದೆ.